ಬಲಕ್ಕೆ ಸರಿಯಬೇಕಾದ ಚೀಟಿ

ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆ

ಉದ್ದ ನಾಲಿಗೆಯ, ಗಿಡ್ಡ ಪತ್ರದ ಮೊಮ್ಮಗಳಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ನೀನು ಮೋಸಗಾತಿ ಕಣೇ. ಹೋದ ತಿಂಗಳು ಬಂದು ನಮ್ಮ ಬಟ್ಟೆ ಕತ್ತರಿಸುವ ಮೇಜಿನ ತುಂಬ ನಿನ್ನ ಕಂಪನಿಯ ನಕ್ಷೆ ಹರಡಿಕೊಂಡು ಕೂತಿದ್ದೆಯಲ್ಲ, ಆಗಲೇ ನಿನ್ನ ಕಳ್ಳಾಟ ನನ್ನ ಕಣ್ಣಿಗೆ ಬಿತ್ತು. ನಿನ್ನ ಜೊತೆಗಾರ ಲಂಬು ಒಳಗೆ ಬಂದರೆ ಒಂದು ಹಳದಿ ಚೀಟಿ ಎಡಕ್ಕೆ ಸರಿಯುತ್ತಿತ್ತು. ಅವನು ಫೋನು ಹಿಡಿದು ಹೊರಗೆ ಹೋದರೆ ಅದೇ ಚೀಟಿ ಬಲಕ್ಕೆ. ಪಾಪ, ಸರಿದು ಸರಿದು ಅದರ ಅಂಟೇ ಬಿಟ್ಟುಹೋಗಿತ್ತು. ಅಜ್ಜಿ ತಲೆ ಬಗ್ಗಿಸಿಕೊಂಡು ಗುಂಡಿ ಹೊಲಿಯುತ್ತಿದ್ದಾಳೆ, ಅವಳಿಗೇನು ಕಂಡೀತು ಅಂದುಕೊಂಡೆಯಾ?

ನಕ್ಷೆ ಅಂದರೆ ಊರು, ರಸ್ತೆ ಅಂದುಕೊಂಡಿದ್ದವಳು ನಾನು. ನೀನೇ ಬಿಡಿಸಿ ಹೇಳಿದೆ. ಎಲ್ಲಕ್ಕಿಂತ ಮೇಲೆ ಗಿರಾಕಿ. ಅವರ ಕೆಳಗೆ ಅವರಿಗೆ ಬೇಕಾದದ್ದು. ಅದರ ಕೆಳಗೆ, ಅದನ್ನು ಕೊಡಲು ನಾವು ಮಾಡಬೇಕಾದ ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಇನ್ನೂ ಯಾರಿಗೂ ಪೂರ್ತಿ ಕೈಹತ್ತದ ಕೆಲಸ ಎಡಗಡೆ, ಯಾರ ಹತ್ತಿರವಾದರೂ ಬಾಡಿಗೆಗೆ ಸಿಗುವುದು ಬಲಗಡೆ. ಬಲಗಡೆಯದನ್ನು ಹೊರಗಿನಿಂದ ತಂದುಕೊಂಡು, ಎಡಗಡೆಯದಕ್ಕೆ ಜೀವ ಸವೆಸಬೇಕು ಅಂತ ನೀನು ಹೇಳುವಾಗ ನನ್ನ ಸೂಜಿ ಅಲ್ಲೇ ನಿಂತುಹೋಗಿತ್ತು.

ಗಿರಾಕಿ ಮನೆಯಲ್ಲೇ ಫೋನಿನ ಮುಂದೆ ನಿಂತರೆ ದರ್ಜಿಗೆ ಅಳತೆ ಹೋಗಬೇಕು, ಅದು ನಿಮ್ಮ ಸಾಫ್ಟ್‌ವೇರು. ಆದರೆ ಒಂದು ಭುಜ ಇಳಿದವರು, ಬೆನ್ನು ಬಾಗಿದವರು ನಿಂತರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ದರ್ಜಿಗಳು ಬೇಸತ್ತು ಬಿಟ್ಟುಹೋಗುತ್ತಿದ್ದಾರೆ, ಹೀಗೇ ಆದರೆ ಕಂಪನಿಗೆ ಬೀಗ ಅಂತ ನೀನೇ ಅತ್ತೆ. ಇರುವವರೇ ಮೂರು ಜನ. ಅದರಲ್ಲಿ ಲಂಬು ಎರಡು ವರ್ಷದಿಂದ ಹಣ ಕಟ್ಟಿಸಿಕೊಳ್ಳುವ, ಸಂದೇಶ ಕಳಿಸುವ ಭಾಗವನ್ನು ಸ್ವಂತವಾಗಿ ಕಟ್ಟುತ್ತ ಕೂತಿದ್ದಾನೆ. ಅದು ತಿಂಗಳ ಬಾಡಿಗೆಗೆ ಎಲ್ಲಿ ಬೇಕಾದರೂ ಸಿಗುತ್ತದಂತೆ. ಆ ಹಳದಿ ಚೀಟಿ ಅದೇ ತಾನೆ? ಸ್ನೇಹಿತನ ಮುಖ ನೋಡಿ ನಕ್ಷೆಗೇ ಸುಳ್ಳು ಹೇಳಿಸಿದರೆ ಅದನ್ನು ಬರೆದು ಏನು ಬಂತು?

ಈಗ ನನ್ನ ಸಂಗತಿ ಕೇಳು, ಹೇಳದೆ ಇರಲಾರೆ. ನೀನು ಬಿಟ್ಟುಹೋದ ಖಾಲಿ ಚೀಟಿಗಳನ್ನು ಎತ್ತಿಟ್ಟುಕೊಂಡು, ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ನಮ್ಮ ಅಂಗಡಿಗೂ ಒಂದು ನಕ್ಷೆ ಮಾಡಿದೆ. ಕೈಯಲ್ಲಿ ಹಾಕುವ ಗುಂಡಿಯ ಕಾಜಾ ನನ್ನ ಹೆಮ್ಮೆ, ಅದನ್ನು ಎಡತುದಿಯಲ್ಲಿ ಮೆರೆಯಲು ಕೂರಿಸಿದೆ. ಇಸ್ತ್ರಿ ಮಾಡುತ್ತಿದ್ದ ನಿನ್ನ ಅಮ್ಮ ಬಂದಳು, ನೋಡಿದಳು, ಎರಡು ಬೆರಳಲ್ಲಿ ಅದನ್ನು ಎತ್ತಿ ಬಲತುದಿಗೆ, ಕರೆಂಟು ಮತ್ತು ದಾರದ ಚೀಟಿಗಳ ಪಕ್ಕಕ್ಕೆ ಅಂಟಿಸಿದಳು.

"ಅತ್ತೆ, ರಸ್ತೆ ತಿರುವಿನ ಕಾಜಾ ಮಿಷನ್ನಿನವನು ಚಹಾ ಆರೋದ್ರೊಳಗೆ ನಾಲ್ಕು ಅಂಗಿಗೆ ಕಾಜಾ ಹಾಕ್ತಾನೆ. ನೀವು ಕಣ್ಣು ಕಳ್ಕೊಂಡು ಕೂತಿದ್ದೀರಿ."

"ಹಾಗಾದ್ರೆ ನನ್ನನ್ನೂ ಬೀದಿಗೆ ಹಾಕಮ್ಮ" ಅಂದೆ.

"ನಾನು ಸರಿಸಿದ್ದು ಚೀಟೀನ."

ಆವತ್ತು ಗೋಡೆಗೆ ಮುಖ ಮಾಡಿ ಉಂಡೆ. ಕೈ ತೊಳೆಯುವಾಗ ಅವಳೇ ಹಿಂದೆ ಬಂದು, "ಸೊಟ್ಟ ಭುಜಕ್ಕೆ ಕೋಟು ಕೂರಿಸೋರು ಇಲ್ಲಿ ನೀವೊಬ್ರೇ. ಆ ಚೀಟೀನೇ ಬರೆದಿಲ್ವಲ್ಲ" ಅಂದಳು. ಹೌದು ಕಣೇ, ಮರೆತೇಬಿಟ್ಟಿದ್ದೆ. ಸೊಸೆಯ ಮಾತು ಸರಿ ಅಂತ ಒಪ್ಪುವುದು ಎಷ್ಟು ಕಷ್ಟ ಅಂತ ನಿನಗೆ ಮದುವೆಯಾಗಿ ಸೊಸೆ ಬಂದಮೇಲೆ ಗೊತ್ತಾಗುತ್ತದೆ.

ಈಗ ಕಾಜಾ ತಿರುವಿನವನಿಗೆ, ಕತ್ತರಿ ನನ್ನ ಕೈಗೆ. ಬೆಳಗ್ಗೆ ನಿನ್ನ ಅಮ್ಮನಿಗಿಂತ ಮೊದಲು ನಾನೇ ಹೋಗಿ ಬಾಗಿಲು ತೆಗೆಯುತ್ತೇನೆ. ಮೊನ್ನೆ ಬೆನ್ನು ಬಾಗಿದ ಒಬ್ಬ ಮೇಷ್ಟ್ರು ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿದ್ದೇ ತಿರುಗಿದ್ದು. ಖುಷಿಯಲ್ಲಿ ಹಳೆಯ ಕೋಟನ್ನು ಇಲ್ಲೇ ಮರೆತು ಹೋದರು. ಈ ವಯಸ್ಸಿನಲ್ಲಿ ನನಗೆ ಹೊಸ ಕೆಲಸ ಸಿಕ್ಕ ಹಾಗಾಗಿದೆ, ನಿನ್ನ ನಕ್ಷೆಯಿಂದ.

ಅದಕ್ಕೇ ಹೇಳುತ್ತೇನೆ. ಲಂಬುವನ್ನು ಎದುರಿಗೆ ಕೂರಿಸಿಕೋ. ಅವನು ನೋಡುತ್ತಿರುವಾಗಲೇ ಚೀಟಿ ಸರಿಸು. ಆ ಉಸಿರಿನಲ್ಲೇ ಸೊಟ್ಟ ಭುಜದ ಕೆಲಸವನ್ನು ಅವನ ಕೈಗೆ ಕೊಡು. ಸಿಟ್ಟಾದರೆ ಆಗಲಿ, ಒಂದು ಹೊತ್ತು ಗೋಡೆ ನೋಡಿ ಉಣ್ಣಲಿ. ಬಿಟ್ಟುಹೋದರೆ ಅನ್ನುತ್ತೀಯಾ? ಅವನ ಮನಸ್ಸಿನಲ್ಲಿ ಏನಿದೆಯೋ, ಮುದುಕಿ ನನಗೇನು ಗೊತ್ತು.

ಇಂತು ಕತ್ತರಿ ಹಿಡಿದ
ನಿನ್ನ ಅಜ್ಜಿ

ಮರೆತ ಮಾತು: ಗುರುವಾರ ಲಂಬು ಒಬ್ಬನೇ ಅಂಗಡಿಗೆ ಬಂದಿದ್ದ. ಸೊಟ್ಟ ಭುಜಕ್ಕೆ ಬಟ್ಟೆ ಹೇಗೆ ಕತ್ತರಿಸುತ್ತೀರಿ ನೋಡಬೇಕು ಅಂತ ಸಂಜೆವರೆಗೂ ನನ್ನ ಪಕ್ಕದಿಂದ ಏಳಲಿಲ್ಲ. ನನ್ನ ನಕ್ಷೆ ಕಂಡು ನಕ್ಕ. ಒಂದು ಖಾಲಿ ಚೀಟಿ ಇಸ್ಕೊಂಡು ತನ್ನ ಎರಡು ವರ್ಷದ ಕೆಲಸದ ಹೆಸರು ಬರೆದು, ಮೇಜಿನ ಬಲ ಅಂಚಿಗೆ ಅರ್ಧ ಗಾಳಿಯಲ್ಲಿ ನೇತಾಡುವ ಹಾಗೆ ಅಂಟಿಸಿದ. "ಅವಳಿಗೆ ಹೇಳಬೇಡಿ ಅಜ್ಜಿ. ನಾನಾಗೇ ಈ ಕೆಲಸ ಬಿಟ್ರೆ ಕಂಪನೀನೇ ಕೈಬಿಟ್ಟ ಅಂದ್ಕೋತಾಳೆ. ಅವಳ ಬಾಯಿಂದಲೇ ಬರಲಿ" ಅಂದ. ಬಾಯಿಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಬಿಟ್ಟಿಲ್ಲ. ಇದು ಬರಹ. ನಾಳೆಯೇ ಅವನ ಜೊತೆ ಮಾತಾಡು, ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬರೆ.