ಹೊಟ್ಟೆಯ ಮೇಲೆ ಕುಣಿದ ತಂಬಿಗೆ

ಬಸವಕಲ್ಯಾಣ
19 ಜನವರಿ 2025

ಮೈ ಡಿಯರ್ ಬ್ರದರ್ ಧಮ್ಮಪಾಲನಿಗೆ, ನಿನ್ನ ಅಣ್ಣ ನರಸಿಂಗನ ಜೈ ಭೀಮ.

ನಾನಿಲ್ಲಿ ಕ್ವೈಟ್ ವೆಲ್. ಹೋಪಿಂಗ್ ಟು... ಮುಂದಿನದು ಮರೆತಿದೆ. ಕಾಲೇಜಿನಲ್ಲಿ ಪತ್ರ ಬರೆಯುವುದು ಕಲಿಸಿದ ದಿನ ನಾನು ಹೋಗಿರಲಿಕ್ಕಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಹೊಟ್ಟೆ ಎಂದ ಕೂಡಲೇ ನೀನು ಉಂಡ್ಯೇನಣ್ಣಾ ಎಂದು ಕೇಳಿ, ನಾನು ಹೂಂ ಅನ್ನುವುದರೊಳಗೆ ಎಮ್ಮಿ ಬಿಚ್ಚಿಕೊಂಡದ ಎಂದು ಇಟ್ಟುಬಿಡುತ್ತೀ. ಅದೇನು ಎಮ್ಮೆಯೋ, ನನ್ನ ಫೋನ್ ಬಂದಾಗಲೇ ಬಿಚ್ಚಿಕೊಳ್ಳುತ್ತದೆ. ಕಾಗದದ ನಡುವೆ ಅದು ಬರಲಾರದು. ನಿನ್ನ ಹೆಂಡತಿ ಆಮ್ರಪಾಲಿ ಗಟ್ಟಿಯಾಗಿ ಓದಲಿ. ಗಂಡ ಎದ್ದು ಹೊಂಟರೆ ಅಂಗಿ ಹಿಡಿದು ಕೂಡಿಸವ್ವಾ.

ವಿಷಯ ಒಂದೇ. ನೀನು ಹುಮನಾಬಾದಿಗೆ ಬಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಯಾಕ ಅಂದರೆ, ಸ್ವಲ್ಪ ಸುತ್ತಿ ಬರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ನಿನ್ನ ವೈನಿ, ನನ್ನಾಕಿ ದ್ರೌಪತಿ, ಇದ್ದಾಗ ಓಣಿಯವರ ಬಟ್ಟಿಯೆಲ್ಲ ಅವಳ ಹೆಬ್ಬೆರಳ ಕೆಳಗೇ ಇತ್ತು. ಭಾರ ಎತ್ತಿ ಬಟ್ಟಿ, ಅಂದರೆ ಹೊಕ್ಕಳಿನ ಬಡಿತ, ಸರಿಯಿತು ಎನ್ನುವವರು ಅಂಗಾತ ಮಲಗುವುದು, ಅವಳು ಎಣ್ಣೆ ಹಚ್ಚಿ ತಿಕ್ಕಿ ಬಡಿತವನ್ನು ನಡುಮಧ್ಯಕ್ಕೆ ತಂದು ಕೂಡಿಸುವುದು. ಆಮೇಲೆ ತನ್ನ ಕೈಯಾರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕುವ ತನಕ ಯಾರನ್ನೂ ಏಳಗೊಡುತ್ತಿರಲಿಲ್ಲ. ನೀನು ಬೆಲ್ಲದ ಆಸೆಗೇ ಬಟ್ಟಿ ಸರಿಸಿಕೊಂಡು ಬರುತ್ತೀ ಎಂದು ಅವಳಿಗೆ ಗುಮಾನಿ ಇತ್ತು.

ಈ ದೀಪಾವಳಿ ಕಳೆದ ಮೇಲೆ ನನ್ನ ಹೊಟ್ಟೆಯ ಬಡಿತ ಜೋರಾಯಿತು. ಮಲಗಿದರೆ ಹೊದಿಕೆ ಎದ್ದೆದ್ದು ಬೀಳುವಷ್ಟು. ಬಟ್ಟಿಯೇ ಎಂದುಕೊಂಡೆ. ದ್ರೌಪತಿ ಇಲ್ಲ, ಪಕ್ಕದ ಮನೆಯ ಗಯಾಬಾಯಿಯನ್ನು ಕರೆದೆ. ಅವಳು ಹೊಕ್ಕಳ ಮೇಲೆ ದೀಪ ಇಟ್ಟು ತಂಬಿಗೆ ಬೋರಲು ಹಾಕಿದಳು. ದೀಪ ಆರಿತು, ತಂಬಿಗೆ ಹೊಟ್ಟೆಯನ್ನು ಕಚ್ಚಿ ಕೂತಿತು. ಕೂತದ್ದು ಸುಮ್ಮನೆ ಕೂಡಲಿಲ್ಲ ತಮ್ಮಾ, ಕುಣಿಯತೊಡಗಿತು. ಕಾಕಾ, ನಿಮ್ಮ ಹೊಟ್ಟ್ಯಾಗ ಯಾರ್ರೀ ಹಲಗಿ ಬಡಿಯಾಕತ್ತಾರ ಎಂದಳು ಗಯಾಬಾಯಿ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು.

ನನ್ನ ಮಗಳು ವಿಶಾಖಾ ಹುಮನಾಬಾದಿನ ಗಂಡನ ಮನೆಯಿಂದ ಬಂದವಳು, ಹೊಟ್ಟೆಯ ಮೇಲೆ ತಂಬಿಗೆ ಒತ್ತಿದ ಕೆಂಪು ಬಳೆ ನೋಡಿ ನಗಲಿಲ್ಲ. ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿ, ಅಲ್ಲಿನ ಡಾಕ್ಟರ್ ಮಹಜಬೀನ್ ಅವರೆದುರು ಮಲಗಿಸಿದಳು. ಆ ತಾಯಿ ಎರಡೂ ಕೈ ಹೊಟ್ಟೆಯ ಮೇಲಿಟ್ಟರು. ಒಂದೊಂದು ಬಡಿತಕ್ಕೂ ಅವರ ಕೈಗಳು ಆ ಕಡೆ ಈ ಕಡೆ ಸರಿಯುತ್ತಿದ್ದವು. ತಂಬಿಗೆಯ ಕಥೆ ಹೇಳಿದೆ. ಚಾಚಾ, ಇದು ಬಟ್ಟಿ ಅಲ್ಲ, ಇನ್ನ ಈ ಹೊಟ್ಟಿ ಯಾರೂ ತಿಕ್ಕಬಾರದು, ತಂಬಿಗಿ ಅಂತೂ ಹಚ್ಚಲೇಬಾರದು ಎಂದು ಗದರಿಸಿ ಸ್ಕ್ಯಾನಿಗೆ ಕಳಿಸಿದರು.

ಅಯೋರ್ಟಾ ಎಂದರು. ಪಿಯುಸಿಯಲ್ಲಿ ಕಪ್ಪೆ ಕೊಯ್ದ ದಿನದ್ದು ನನಗೆ ದಿ ಹಾರ್ಟ್ ಈಸ್ ಎ ಪಂಪ್ ಅಷ್ಟೇ ನೆನಪು. ಆ ಪಂಪಿನಿಂದ ಇಳಿಯುವ ದೊಡ್ಡ ಪೈಪು ಇದು. ಬೆನ್ನೆಲುಬಿನ ಮುಂದೆ ಹಾದು, ಹೊಕ್ಕಳ ಹತ್ತಿರ ಎರಡೂ ಕಾಲಿಗೆ ಕವಲೊಡೆಯುತ್ತದೆ. ನಿನ್ನ ಬಾವಿಯ ಹಳೇ ರಬ್ಬರ್ ಪೈಪು ನೆನಸು. ಒಂದು ಕಡೆ ಮೆತ್ತಗಾಗಿ, ಮೋಟಾರು ಹಚ್ಚಿದಾಗ ಬದನೆಕಾಯಿಯಂತೆ ಉಬ್ಬುತ್ತಿತ್ತಲ್ಲ, ನೀನು ಅದರ ಮೇಲೆ ಯಾರಿಗೂ ಕಾಲಿಡಗೊಡುತ್ತಿರಲಿಲ್ಲ. ಹೊಟ್ಟೆಯೊಳಗಿನದೂ ಹಾಗೇ ಉಬ್ಬುತ್ತದೆ. ನೋವಿಲ್ಲ, ಸದ್ದಿಲ್ಲ, ಟೋಟಲಿ ಸೈಲೆಂಟ್. ಒಡೆದರೆ ಮಾತ್ರ ಆಸ್ಪತ್ರೆ ಮುಟ್ಟುವುದು ಕಷ್ಟ. ವಯಸ್ಸಾದ ಗಂಡಸರಿಗೆ, ಬೀಡಿ ಸೇದುವವರಿಗೆ ಹೆಚ್ಚಂತೆ. ಅಣ್ಣನಿಗಿದ್ದರೆ ತಮ್ಮನಿಗೂ ಇರುವುದುಂಟಂತೆ.

ನಂದು ಸ್ವಲ್ಪ ಅಗಲ ಆಗಿದೆ. ಬೀಡಿ ಬಿಡು, ಬಿಪಿ ಗುಳಿಗೆ ನುಂಗು, ನೋಡುತ್ತ ಇರೋಣ ಎಂದಿದ್ದಾರೆ. ನಥಿಂಗ್ ಟು ವರಿ.

ಚಿಂತೆ ನಿನ್ನದು. ಮನೆಯಲ್ಲಿ ಹೀಗೆ ಯಾರಾದರೂ ಹೋಗಿದ್ದರೇ ಎಂದು ಡಾಕ್ಟರು ಕೇಳಿದರು. ಅಪ್ಪನ ಸಂಗತಿ ಹೇಳಿದೆ. ತೊಗರಿ ರಾಶಿಯ ದಿನ ಹೊಟ್ಟೆ ಬೆನ್ನು ಎರಡೂ ಹಿಡಿದು ಕೂತದ್ದು, ಬಟ್ಟಿ ಸರದದ ಎಂದು ಹಿರಿಯರು ತಿಕ್ಕಿದ್ದು, ನೀನು ನೀರು ತರುವುದರೊಳಗೆ ಬೆವತು ತಣ್ಣಗಾದದ್ದು. ಅದೇ ಇತ್ತೆಂದು ಈಗ ಯಾರೂ ಹೇಳಲಾರರು, ಆದರ ತಮ್ಮನ್ನ ಕರಕೊಂಡು ಬರ್ರಿ ಎಂದರು.

ಆಗ ನನಗೆ ನೆನಪಾದದ್ದು ನಿನ್ನ ಅಂಗಿಯ ಗುಂಡಿ. ದ್ರೌಪತಿಯ ಪುಣ್ಯಸ್ಮರಣೆಯ ದಿನ ನೀನು ಉಂಡು ನನ್ನ ಚಾಪೆಯ ಮೇಲೆ ಅಡ್ಡಾಗಿದ್ದೆ. ಹೊಕ್ಕಳ ಮೇಲಿನ ಗುಂಡಿ ಏಳುತ್ತಿತ್ತು, ಬೀಳುತ್ತಿತ್ತು, ಉಸಿರಿನ ಲೆಕ್ಕಕ್ಕಲ್ಲ. ಬಟ್ಟಿ ಸರದದ ಅಣ್ಣಾ, ವೈನಿ ಇಲ್ಲ, ಇನ್ನ ಯಾರ ಕಡಿ ಹೋಗ್ಲಿ ಎಂದಿದ್ದೆ. ತೆಳ್ಳಗಿನವರಿಗೆ ಸುಮ್ಮನೆಯೂ ಹಾಗೆ ಕಾಣುತ್ತದಂತೆ, ಏನೂ ಇರಲಿಕ್ಕಿಲ್ಲ. ಅದನ್ನು ಸ್ಕ್ಯಾನ್ ಹೇಳಲಿ, ನಿನ್ನ ಎಮ್ಮೆ ಹೇಳುವುದು ಬೇಡ.

ಸೂಜಿ ಇಲ್ಲ ಮಾರಾಯ. ಸೂಜಿ ಎಂದರೆ ನೀನು ಚಿಟಗುಪ್ಪದ ತನಕ ಓಡುವವನು, ಅದಕ್ಕೇ ಕೇಳಿಕೊಂಡು ಬಂದಿದ್ದೇನೆ. ತಣ್ಣನೆಯ ಲೋಳೆ ಹಚ್ಚಿ ಹೊಟ್ಟೆಯ ಮೇಲೆ ಇಸ್ತ್ರಿ ಮಾಡಿದ ಹಾಗೆ ಆಡಿಸುತ್ತಾರೆ, ಅಷ್ಟೇ. 27ನೇ ತಾರೀಖು ಸೋಮವಾರ ಖಾಲಿ ಹೊಟ್ಟೆಯಲ್ಲಿ ಬಾ. ಚಹಾ ಇಲ್ಲ, ಬೀಡಿಯಂತೂ ಇಲ್ಲ. ದುಬಲಗುಂಡಿಯಿಂದ ಮುಂಜಾನೆಯ ಬಸ್ಸು ಹಿಡಿ, ನಾನು ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಅಲ್ಲಿಯವರೆಗೆ ಹೊಟ್ಟೆಗೆ ಯಾರ ಕೈಯನ್ನೂ ಹಚ್ಚಗೊಡಬೇಡ. ನಡುವೆ ಹೊಟ್ಟೆ, ಬೆನ್ನು ನೋಯತೊಡಗಿದರೆ ಸೋಮವಾರ ಕಾಯದೆ ಜೀಪು ಮಾಡಿಕೊಂಡು ಬಾ.

ಯುವರ್ ಲವಿಂಗ್ ಎಲ್ಡರ್ ಬ್ರದರ್,
ನರಸಿಂಗ

ತಾ.ಕ.: ಇದನ್ನು ಆಮ್ರಪಾಲಿ ಓದುವುದು ಬೇಡ, ಕನ್ನಡಕ ಹುಡುಕಿ ನೀನೇ ಓದು. ಮೇಲೆ ಸ್ವಲ್ಪ ಅಗಲ ಎಂದು ಹಗುರ ಮಾಡಿ ಬರೆದೆ. ಎರಡು ಸೆಂಟಿಮೀಟರ್ ಇರಬೇಕಾದದ್ದು ಸುಮಾರು ಆರಾಗಿದೆ. ಮಹಜಬೀನ್ ಅವರು ಕಳಿಸಿದ ಕಲಬುರಗಿಯ ಡಾಕ್ಟರು ನೋಡುತ್ತ ಕೂಡುವಂತಿಲ್ಲ ಎಂದರು. 29ನೇ ತಾರೀಖು ಬುಧವಾರ ತೊಡೆಯ ಸಂದಿನಿಂದ ಒಳಗೆ ಹೋಗಿ, ಹಳೇ ಪೈಪಿನೊಳಗೆ ಹೊಸದೊಂದು ಕೂಡಿಸುತ್ತಾರೆ. ವಿಶಾಖಾ ಜೊತೆಗಿರುತ್ತಾಳೆ. ಅವಳ ಮುಂದೆ ನಾನು ಧೈರ್ಯದ ಮನುಷ್ಯ, ನಿನ್ನ ಮುಂದೆ ಆ ತ್ರಾಸ ಇಲ್ಲ. ಸೋಮವಾರ ಬರುವಾಗ ಬಟ್ಟೆ ಕಟ್ಟಿಕೊಂಡೇ ಬಾ, ಹಾಗೇ ನನ್ನ ಜೊತೆ ಕಲಬುರಗಿಗೆ ಹೊರಡು. ಕಿಸೆಯಲ್ಲಿ ಒಂದು ಚೂರು ಬೆಲ್ಲ ಇರಲಿ. ಇನ್ನ ಏಳ್ರಿ ಎಂದು ಡಾಕ್ಟರು ಅಂದಾಗ, ನಾನು ಏಳುವ ಮೊದಲು ಅವರನ್ನು ಕೇಳಿ ಬಾಯಿಗೆ ಹಾಕು. ಹಾಗೇ ಎಬ್ಬಿಸಿದರೆ ನಿನ್ನ ವೈನಿ ಬೈಯುತ್ತಾಳೆ.