ಹೂಳುಬಾಗಿಲ ಚಕ್ರಕ್ಕೆ ಕುಂಕುಮ

ಕಗ್ಗಲಹಳ್ಳ
ಬೆಳಕುಪಾಳಿಯ ಎಪ್ಪತ್ತನೆಯ ವರ್ಷ. ನಿಮ್ಮ ಲೆಕ್ಕದಲ್ಲಿ 2231

ಕಗ್ಗಲಹಳ್ಳದ ಹಿರಿಯರೇ,

ನಾನು ನಿಮಗಿಂತ ಎಷ್ಟೋ ತಲೆಮಾರು ಈಚಿನವಳು; ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೇ. ಉಳಿದದ್ದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಬೆಳಕುಪಾಳಿ ಎಂದರೆ ಕರೆಂಟನ್ನು ಮನೆಮನೆಗೆ ಸರದಿಯಲ್ಲಿ ಹಂಚುವುದು. ನೀವು ಕಟ್ಟಿದ ಪುಟ್ಟ ಅಣೆಕಟ್ಟೇ ಇಂದಿಗೂ ನಮಗೆ ಗತಿ. ಹೊರಗಿನ ತಂತಿ ಯಾವುದೂ ಈ ಕಣಿವೆಗೆ ಬರುವುದಿಲ್ಲ. ಆ ಅಣೆಕಟ್ಟಿನ ಹೊಟ್ಟೆ ತುಂಬ ಹೂಳು. ನೀರು ನಿಲ್ಲಬೇಕಾದಲ್ಲಿ ಎಮ್ಮೆಗಳು ಮೇಯುತ್ತವೆ. ಹಿಟ್ಟಿನ ಗಿರಣಿ ತಿರುಗಿದ ದಿನ ಶಾಲೆಯ ಫ್ಯಾನು ತಿರುಗುವುದಿಲ್ಲ. ಬೇಸಿಗೆಯಲ್ಲಂತೂ ಟರ್ಬೈನ್ ಮುದಿ ಎತ್ತಿನಂತೆ ನಾಲ್ಕು ಸುತ್ತು ಹಾಕಿ ನಿಂತುಬಿಡುತ್ತದೆ. ಈಗ ಇಡೀ ಊರು ತನ್ನ ಪಾಳಿಯನ್ನು ನಮ್ಮ ಮನೆಗೇ ಬಿಟ್ಟುಕೊಟ್ಟಿದೆ. ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿ ಕಾವುಗೂಡಿನಲ್ಲಿ ಮಲಗಿದ್ದಾಳೆ. ಎಳೆಗೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗೆ ನಾವು ಹಾಗೆನ್ನುತ್ತೇವೆ. ಟರ್ಬೈನ್ ನಿಂತಾಗಲೆಲ್ಲ ಸೊಸೆ ಮರಿಸಿದ್ದಿ ಕೂಸನ್ನು ಎದೆಗವಚಿಕೊಂಡು ಕೂರುತ್ತಾಳೆ. “ಅತ್ತೆ, ಕಾಲು ತಣ್ಣಗಾಯ್ತಾ ಅವೆ, ವಸಿ ನೋಡಿ” ಎನ್ನುತ್ತಾಳೆ. ನಾನು ಏನೆಂದು ನೋಡಲಿ?

ಕಟ್ಟೆಯ ಬುಡದಲ್ಲಿ ಹೂಳುಬಾಗಿಲು ಇಟ್ಟವರೂ ನೀವೇ. ಪ್ರತಿ ಮಳೆಗಾಲದ ಮೊದಲ ಪ್ರವಾಹಕ್ಕೆ ಅದನ್ನು ಎತ್ತಿದ್ದರೆ ವರ್ಷದ ಹೂಳೆಲ್ಲ ಕೊಚ್ಚಿಹೋಗುತ್ತಿತ್ತು. ಅದಕ್ಕೆ ಒಂದು ವಾರ ಕರೆಂಟ್ ನಿಲ್ಲಿಸಬೇಕಿತ್ತು, ಅಷ್ಟೇ. “ಮುಂದಿನ್ ವರ್ಷ ನೋಡ್ಕಳವ ಬುಡ್ರಪ್ಪ” ಎಂದಿರಿ. ಆದರೆ ಆಯುಧಪೂಜೆ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ! ಬಾಗಿಲೆತ್ತುವ ಚಕ್ರಕ್ಕೆ ಕುಂಕುಮ ಬಳಿದಿರಿ, ಸೇವಂತಿಗೆ ಹಾರ ಹಾಕಿದಿರಿ, ಬೂದುಗುಂಬಳ ಒಡೆದಿರಿ. ತಿರುಗಿಸಲಿಲ್ಲ. ದೇವರಾದ ಮೇಲೆ ಮುಟ್ಟುವುದುಂಟೇ! ತುಕ್ಕು ಹಿಡಿದು ನೀರು ಸೋರತೊಡಗಿದಾಗ ಬಾಗಿಲಿಗೇ ಸಿಮೆಂಟ್ ಸುರಿದು, ಮೇಲೊಂದು ಉದ್ಘಾಟನೆಯ ಕಲ್ಲು ನೆಟ್ಟಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನೀವು ಬಾಗಿಲು ಹಾಕಿಯೇ ಊರು ಹಾಳು ಮಾಡಿದಿರಿ. ಹೂಳು ತೋಡುವಾಗ ನಮಗೆ ಆ ಕಲ್ಲು ಸಿಕ್ಕಿತು. ಮುಚ್ಚಿದವರ, ಮುಚ್ಚಿಸಿದವರ, ಘನ ಉಪಸ್ಥಿತಿ ವಹಿಸಿದವರ ಹೆಸರುಗಳೆಲ್ಲ ಅದರಲ್ಲಿ ಅಚ್ಚುಕಟ್ಟಾಗಿವೆ. ನಾಚಿಕೆಯಾಗುವುದಿಲ್ಲವೇ ನಿಮಗೆ?

ಕಲ್ಲಿನ ಮೇಲಿರುವ ತಾರೀಖಿಗಿಂತ ಮೊದಲೇ ತಲುಪುವಂತೆ ಈ ಪತ್ರ ಕಳಿಸುತ್ತಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಸಿಮೆಂಟ್ ಇನ್ನೂ ಚೀಲದಲ್ಲೇ ಇರುತ್ತದೆ. ಹೋಗಿ, ಆ ಹಾರ ಕಿತ್ತೆಸೆದು ಚಕ್ರ ತಿರುಗಿಸಿ. ವಾರವಿಡೀ ಕತ್ತಲಲ್ಲಿ ಉಂಡು ಮಲಗಿ, ಸಾಯುವುದಿಲ್ಲ.

ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಉಳಿದರೆ, ಆ ಬಾಗಿಲು ಎತ್ತಿದವರ ಹೆಸರಿಡಬೇಕೆಂದಿದ್ದೇವೆ. ಕಲ್ಲಿನ ಮೇಲೆಲ್ಲ ಹುಡುಕಿದೆವು. ಅಂಥ ಹೆಸರು ಒಂದೂ ಇಲ್ಲ.

ಕೆಂಪಾಜಮ್ಮ