ಮಂಡಕ್ಕಿ ಹುರಿಯುವ ಕೈ

ಕೆ.ಬಿ. ಬಡಾವಣೆ, ದಾವಣಗೆರೆ
೧೪ ಡಿಸೆಂಬರ್ ೨೦೨೫

ಪ್ರೀತಿಯ ಸುನೀತಾ,

ಬೈಯಬೇಡ ಮಾರಾಯ್ತಿ. ನಿನ್ನ ಕಾಗದ ದೀಪಾವಳಿಗೇ ಬಂತು, ಉತ್ತರ ಈಗ ಬರೆಯುತ್ತಿದ್ದೇನೆ. ಮಂಡಿನೋವು, ರಜೆ ಹಾಕಿದ ಹುಡುಗಿಯರ ಡ್ಯೂಟಿ, ನೆಂಟರು, ನೆಪಕ್ಕೇನು ಬರ! ನಿಜವೆಂದರೆ, ನೀನು ಕೇಳಿದ ಮಾತಿಗೆ ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿ ಮುಗಿಸಲು ಮನಸ್ಸು ಬರಲಿಲ್ಲ.

"ನಿಮ್ಮ ಐಸಿಯುನಲ್ಲಿ ಈಗ ರೋಗಿಗಳ ಕೈ ಕಟ್ಟುವುದಿಲ್ಲವಂತೆ, ನಿಜವೇ? ಹರಿಹರದಲ್ಲಿ ನಾನೂ ಬಿಡಿಸಲೇ? ಏನಾದರೂ ಆದರೆ ಹೆಡ್ ಸಿಸ್ಟರ್ ಅಂತ ಮೊದಲು ಹಿಡಿಯುವುದು ನನ್ನನ್ನೇ" ಎಂದು ಬರೆದಿದ್ದೀಯ. ನಿಜ ಕಣೆ. ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಆಮೇಲೆ ನೀನೇ ಯೋಚಿಸು.

ಹೊಸ ನರ್ಸಿಂಗ್ ಸೂಪರಿಂಟೆಂಡೆಂಟ್ ಕೃತಿಕಾ ಬಂದಾಗ ನಾನು ಮೂಗು ಮುರಿದಿದ್ದೆ. ನನ್ನ ಮಗಳ ವಯಸ್ಸು. ಬಂದ ವಾರವೇ ಆರ್ಡರ್ ಹೊರಡಿಸುತ್ತಾಳೆ ಅಂದುಕೊಂಡರೆ, ಚಹಾದ ಹೊತ್ತಿಗೆ ನಮ್ಮ ಜೊತೆ ಕೂತು ಕೇಳಿದಳು: "ಸಿಸ್ಟರ್, ಕೈ ಕಟ್ಟಿದ್ರೆ ರೋಗಿ ಮೂಗಿನ ಪೈಪ್ ಕೀಳಲ್ಲ ಅಂತ ನಮಗೆ ಹೆಂಗೆ ಗೊತ್ತು?" "ಮೊದ್ಲಿಂದ ಹಿಂಗೇ ಐತೆ" ಎಂದೆ. ಅವಳು ನಗಲಿಲ್ಲ. ಬೇರೆ ಬೇರೆ ದೇಶದ ಐಸಿಯುಗಳಲ್ಲಿ ಮಾಡಿದ ಅಧ್ಯಯನಗಳನ್ನು ತಂದು, ಕನ್ನಡದಲ್ಲಿ ಬಿಡಿಸಿ ಹೇಳಿದಳು. ಪೈಪ್ ಕಿತ್ತುಕೊಂಡವರಲ್ಲಿ ಬಹಳಷ್ಟು ಜನರ ಕೈ ಕಟ್ಟಿಯೇ ಇತ್ತಂತೆ. ಕಟ್ಟಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಎಳೆದಾಟ. "ಹಂಗಂತ ಸುಮ್ನೆ ಬಿಚ್ಚಿ ಹೋಗೋದಲ್ಲ. ಪಕ್ಕದಾಗ ಜನ ಇರ್ಬೇಕು, ಅದು ನನ್ನ ಜವಾಬ್ದಾರಿ" ಎಂದಳು. ನಮ್ಮ ವಾರ್ಡಿನ ಹಳೆಯ ಕೇಸುಗಳನ್ನು ನಮ್ಮಿಂದಲೇ ತೆಗೆಸಿ ನೋಡಿಸಿದಳು. ಇಲ್ಲಿಯೂ ಕಥೆ ಅದೇ.

ಅಷ್ಟರಲ್ಲಿ ಮಾಲತೇಶಪ್ಪ ಬಂದ. ಮಂಡಕ್ಕಿ ಭಟ್ಟಿಯಲ್ಲಿ, ಒಲೆಯ ಮುಂದೆ ಅಕ್ಕಿ ಹುರಿಯುತ್ತಲೇ ಜೀವ ತೇಯ್ದವನು. ಕರುಳಿನ ಆಪರೇಷನ್ ಆದ ಮಾರನೆಯ ದಿನ ಬುದ್ಧಿ ಕಲಕಿತು. "ಬೆಂಕಿ ತಗೀರಲೇ, ಹೊತ್ತೋಗ್ತೈತೆ!" ಎಂದು ಕೂಗುತ್ತ ಕೈ ಬೀಸುತ್ತಿದ್ದ. ಹುಡುಗಿಯರು ಹೆದರಿ ಎರಡೂ ಕೈ ಮಂಚಕ್ಕೆ ಕಟ್ಟಿದರು. ಕೃತಿಕಾ ಬಿಚ್ಚಿಸುತ್ತೇನೆ ಎಂದಾಗ ಶಿವಕುಮಾರ ಡಾಕ್ಟರು ಸಿಡುಕಿದರು: "ನೋಡ್ರಿ ಮೇಡಂ, ಮೂಗಿನ ಪೈಪ್ ಕಿತ್ಕಂಡು ಹೆಚ್ಚುಕಮ್ಮಿ ಆದ್ರೆ ಅವ್ನ ಜೀವಕ್ಕೆ ಕುತ್ತು. ಆಮೇಲೆ ನಿಮ್ಮ ಓದು ಯಾರೂ ಕೇಳಲ್ಲ." "ನಾನೇ ಪಕ್ಕದಾಗೆ ಕೂಡ್ತೀನಿ ಸರ್" ಎಂದಳು. ಆಗಲೇ ಒಂದು ಸ್ಟೂಲು ಎಳೆದು ಮಂಚದ ಪಕ್ಕಕ್ಕೆ ಹಾಕಿದಳು.

ಮಾಲತೇಶಪ್ಪನ ಹೆಂಡತಿ ಭೀಮವ್ವನನ್ನು ಒಳಗೆ ಕರೆಸಿದಳು. ಬೆಲೆಬಾಳುವುದೆಲ್ಲ ತೆಗೆದುಕೊಂಡು ಹೋಗಿ ಎಂದು ನಾವೇ ಹೇಳಿದ್ದೆವಲ್ಲ, ಆ ಪುಣ್ಯಾತ್ಗಿತ್ತಿ ಗಂಡನ ಕನ್ನಡಕವನ್ನೂ ಚೀಲಕ್ಕೆ ಸೇರಿಸಿದ್ದಳು. ಪಾಪ, ಅವನಿಗೆ ನಾವೆಲ್ಲ ಬರೀ ಬಿಳಿ ನೆರಳು. ಕೃತಿಕಾ ಅವನಿಗೆ ಕನ್ನಡಕ ಹಾಕಿ, ಕಿಟಕಿಯ ಪರದೆ ಸರಿಸಿ, ಒಂದೊಂದೇ ಗಂಟು ಬಿಚ್ಚಿದಳು. ಬಲಗೈ ಮೇಲೆದ್ದಿತು. ಮೂಗಿನ ಹತ್ತಿರ ಬಂತು. ಹಿಡಿಯಲು ನಾನು ಮುಂದೆ ಬಾಗಿದೆ, ಸುನೀತಾ. ಕೈ ಅಲ್ಲಿಂದ ಇಳಿದು ಕಂಬಳಿಯ ಮೇಲೆ ಮೆಲ್ಲಗೆ ಅತ್ತಿಂದಿತ್ತ ಆಡತೊಡಗಿತು.

"ಮಂಡಕ್ಕಿ ಹುರಿಯಾಕತ್ತಾನ್ರಿ ಯವ್ವಾ" ಎಂದಳು ಭೀಮವ್ವ. ಗಂಡನ ಕಿವಿಯ ಹತ್ತಿರ ಬಗ್ಗಿ, "ಭಟ್ಟಿ ಆರ್ಸೀವಿ. ಎಲ್ಲ ಚೀಲಕ್ಕೆ ತುಂಬೈತೆ. ಇನ್ನ ಮಕ್ಕೋ" ಎಂದಳು. ಅವನು ಅವಳ ಮುಖವನ್ನೇ ನೋಡಿದ. ಕೈ ನಿಧಾನವಾಯಿತು. ಅವಳ ಮಣಿಕಟ್ಟು ಹಿಡಿದುಕೊಂಡು ನಿದ್ದೆ ಹೋದ.

ಎಲ್ಲೋ ದೂರದ ದೇಶದಲ್ಲಿ ಯಾರೋ ಕೂತು ಬರೆದ ಮಾತು, ನಮ್ಮೂರಿನ ಭಟ್ಟಿಯವನ ಕೈಯನ್ನು ಹೀಗೆ ಸಮಾಧಾನ ಮಾಡಿತಲ್ಲ! ಡಾಕ್ಟರು ಬಂದು ನೋಡಿ, ದನಿ ತಗ್ಗಿಸಿ ರೌಂಡ್ಸ್ ಮುಗಿಸಿದರು. ಮಾಲತೇಶಪ್ಪ ಗುಣವಾಗಿ ಮನೆಗೆ ಹೋದ.

ಎಲ್ಲರಿಗೂ ಹೀಗೇ ಆಗಿಲ್ಲ. ಮೊನ್ನೆ ಒಬ್ಬಾಕೆ ಡ್ರಿಪ್ ಕಿತ್ತೆಸೆದಳು. ಕೃತಿಕಾ ಅದನ್ನು ಮುಚ್ಚಿಡಲಿಲ್ಲ, ಯಾರನ್ನೂ ಬೈಯಲಿಲ್ಲ. ಎಲ್ಲಿ ತಪ್ಪಿತು ಎಂದು ಎಲ್ಲರನ್ನೂ ಕೂರಿಸಿಕೊಂಡು ನೋಡಿದಳು. ಆ ಅಧ್ಯಯನಗಳ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಡಾಕ್ಟರ ಮುಂದೆ ಅದನ್ನೇ ಇಟ್ಟು ಮಾತಾಡು. ಬೇಕಾದರೆ ಕೃತಿಕಾಳನ್ನು ಹರಿಹರಕ್ಕೆ ನಾನೇ ಕರೆತರುತ್ತೇನೆ, ನೀನು ಊಟ ಹಾಕಿದರೆ ಸಾಕು.

ಉಕ್ಕಡಗಾತ್ರಿ ಅಜ್ಜಯ್ಯ ನಿನ್ನನ್ನೂ ನಿನ್ನ ಮಕ್ಕಳನ್ನೂ ತಂಪಾಗಿಟ್ಟಿರಲಿ.

ನಿನ್ನ
ಮಂಗಳಕ್ಕ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನನ್ನ ಅಪ್ಪಾಜಿ ಇದೇ ಐಸಿಯುನಲ್ಲಿ ತೀರಿಕೊಂಡಾಗ ನೀನಿನ್ನೂ ನಮ್ಮಲ್ಲೇ ಇದ್ದೆ, ಅಂದು ಡ್ಯೂಟಿಯಲ್ಲಿದ್ದವಳು ನೀನು. ಮಂಚದಿಂದ ಬಿದ್ದಾರೆಂದು ಕೈ ಕಟ್ಟಿದವಳೂ ನೀನೇ. ನೋಯದಿರಲೆಂದು ನೀನು ಕಟ್ಟಿನ ಒಳಗೆ ಹತ್ತಿ ಇಟ್ಟಿದ್ದೆ, ಅದೂ ನನಗೆ ಗೊತ್ತು. ಮನೆಯಲ್ಲಿ ಅವರಿಗೆ ವಿಭೂತಿ ಹಚ್ಚುವಾಗ ಎರಡೂ ಮಣಿಕಟ್ಟಿನಲ್ಲಿ ಕಪ್ಪು ಗೆರೆ ಕಂಡಿತು. ಅವ್ವ ನೋಡದಿರಲೆಂದು ಅಲ್ಲಿ ದಪ್ಪಗೆ ವಿಭೂತಿ ಬಳಿದೆ. ನಿನಗೂ ಇಷ್ಟು ವರ್ಷ ಹೇಳಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ತಂಗಿ, ನಮಗಿಬ್ಬರಿಗೂ ಆಗ ಗೊತ್ತಿದ್ದದ್ದು ಅಷ್ಟೇ. ಆದರೆ ಅಪ್ಪಾಜಿ ಯಾರನ್ನು ಮುಟ್ಟಬೇಕೆಂದು ಆ ಕೈ ಎಳೆದುಕೊಳ್ಳುತ್ತಿದ್ದರೋ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನಿನ್ನ ವಾರ್ಡಿನಲ್ಲಿ ಇವತ್ತು ಯಾರ ಕೈ ಕಟ್ಟಿದೆಯೋ, ಅವರ ಮನೆಯವರನ್ನು ಒಳಗೆ ಕರಿ.